ಅತ್ತೆಯ ಪಾಳಿ

ನಮ್ಮ ಔರಾದಿನ ಚರ್ಚು ಎಂದರೆ ಒಂದೇ ಕೋಣೆ. ಮೇಲೆ ತಗಡು, ಕೆಳಗೆ ಶಹಾಬಾದಿ ಕಲ್ಲು, ಮುಂದೆ ಒಂದು ಪೀಠ, ಗೋಡೆಗೆ ಒಂದು ಶಿಲುಬೆ. ಬೀದರದ ದೊಡ್ಡ ಚರ್ಚಿನಲ್ಲಿರುವಂತೆ ಪಾಪನಿವೇದನೆಗೆ ಜಾಲರಿ ಹಾಕಿದ ಕಟ್ಟಿಗೆಯ ಗೂಡು ನಮ್ಮಲ್ಲಿಲ್ಲ. ಫಾದರ್ ಒಂದು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಗೋಡೆಯ ಕಡೆ ಮುಖ ಮಾಡಿ ಕೂರುತ್ತಾರೆ. ಪಾಳಿ ಬಂದವರು ಪಕ್ಕದಲ್ಲಿ ಮೊಣಕಾಲೂರಿ ಅವರ ಕಿವಿಯಲ್ಲಿ ತಮ್ಮ ಪಾಪ ಹೇಳುತ್ತಾರೆ. ಉಳಿದವರು ಎದುರು ಗೋಡೆಗೆ ಒತ್ತಿಕೊಂಡು, ಜಪಸರ ಎಣಿಸುತ್ತ, ಕೇಳಿಸಿದರೂ ಕೇಳಿಸದವರಂತೆ ನಿಲ್ಲುತ್ತಾರೆ. ಈ ವ್ಯವಸ್ಥೆ ಎಲ್ಲರಿಗೂ ನಡೆಯುತ್ತಿತ್ತು, ನನ್ನ ಅತ್ತೆಯೊಬ್ಬಳನ್ನು ಬಿಟ್ಟು.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಎಂಬತ್ತು ದಾಟಿದ್ದಳು. ಗಂಡ ಎಳೆಯ ವಯಸ್ಸಿಗೇ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಬೀದರದಲ್ಲಿ ಸಿಸ್ಟರುಗಳ ಹಾಸ್ಟೆಲ್ಲಿನಲ್ಲಿ ಮೂವತ್ತು ವರ್ಷ ರೊಟ್ಟಿ ಬಡಿದು, ಕೈ ಸೋತ ಮೇಲೆ ನಮ್ಮ ಮನೆಗೆ ಬಂದು ಇದ್ದಳು. ಕಿವಿ ಮುಕ್ಕಾಲು ಹೋಗಿತ್ತು, ಹತ್ತಿರ ಹೋಗಿ ಕೂಗಿದರೆ ಮಾತ್ರ ಕೇಳುತ್ತಿತ್ತು. ತನಗೆ ಕೇಳದ್ದು ಲೋಕಕ್ಕೂ ಕೇಳುವುದಿಲ್ಲ ಎಂದು ತಿಳಿದು, ತನ್ನ ಪಾಪಗಳನ್ನು ಫಾದರಿಗೆ ಕೂಗಿ ಹೇಳುತ್ತಿದ್ದಳು.

"ಬಾಜೂ ಮನಿ ಆಡು ನನ್ನ ಮೆಂತೆ ತಿಂತು ಫಾದರ್! ನಾ ಅದಕ್ಕ ಸಾಯಿ ಅಂದೆ! ಅದು ಸಾಯಲಿಲ್ಲ, ಆದ್ರೂ ಅಂದಿದ್ದು ಖರೇ!"

ಚರ್ಚಿನೊಳಗೆ ನಗು ತಡೆಯಲಾಗದೆ ಹೆಂಗಸರು ಸೆರಗು ಬಾಯಿಗೆ ತುರುಕಿಕೊಳ್ಳುತ್ತಿದ್ದರು. ಆಮೇಲೆ ಯಾರೂ ಹೇಳದೆಯೇ ಒಂದು ಪದ್ಧತಿ ಬೆಳೆಯಿತು. ಅತ್ತೆಯ ಪಾಳಿ ಬಂತೆಂದರೆ ನಾವೆಲ್ಲ ಎದ್ದು, ರಸ್ತೆ ದಾಟಿ, ಎದುರಿನ ಪಂಕ್ಚರ್ ಅಂಗಡಿಯ ಮುಂದೆ ಹೋಗಿ ನಿಲ್ಲುತ್ತಿದ್ದೆವು. ಅವಳು ಮುಗಿಸಿ ಬಾಗಿಲಿಗೆ ಬಂದು ಕೈ ಬೀಸಿದಾಗ ಒಳಗೆ ಹೋಗುತ್ತಿದ್ದೆವು. ಅಲ್ಲಿಗೂ ಅರ್ಧ ಕೇಳಿಸುತ್ತಿತ್ತು ಅನ್ನಿ. ಪಂಕ್ಚರ್ ಅಂಗಡಿಯವನಿಗೆ ಅತ್ತೆಯ ತಪ್ಪುಗಳ ಪಟ್ಟಿ ನನಗಿಂತ ಚೆನ್ನಾಗಿ ಗೊತ್ತಿತ್ತು.

ಚರ್ಚಿನ ಕೀಲಿ ನನ್ನ ಹತ್ತಿರ ಇರುತ್ತದೆ. ಮೊದಲು ಅಪ್ಪನ ಹತ್ತಿರ ಇತ್ತು. ಅಪ್ಪ ಉಪದೇಶಿಯಾಗಿದ್ದ. ಅಂದರೆ ಫಾದರ್ ಇಲ್ಲದಾಗ ಪ್ರಾರ್ಥನೆ ನಡೆಸುವವನು, ಮಕ್ಕಳಿಗೆ ಧರ್ಮಪಾಠ ಹೇಳುವವನು, ಸಂತಪುರದವರೆಗೆ ಸೈಕಲ್ ತುಳಿದು ರೋಗಿಗಳನ್ನು ನೋಡಿ ಬರುವವನು. ಊರಿನಲ್ಲಿ ಅವನಿಗೆ ದೊಡ್ಡ ಹೆಸರು. ಅವನು ಹೋದ ಮೇಲೆ ಕನ್ನಡ ಶಾಲೆಯ ಮಾಸ್ತರನಾಗಿದ್ದ ನನಗೆ ಆ ಕೆಲಸ ಬಂತು. ನಾನು ಅದನ್ನು ಮಾಸ್ತರಿಕೆಯಂತೆಯೇ ಮಾಡಿದೆ. ಯಾರು ತಡವಾಗಿ ಬಂದರು, ಯಾರು ಚಪ್ಪಲಿ ಒಳಗೆ ತಂದರು, ಯಾರು ಉಪವಾಸ ಮುರಿದು ಪ್ರಸಾದಕ್ಕೆ ನಿಂತರು, ಎಲ್ಲ ನನಗೆ ಬೇಕು. ಯಾವುದನ್ನು ಫಾದರ್ ಮಾತ್ರ ಮಾಡಬಹುದು, ಯಾವುದನ್ನು ನನ್ನಂಥವನು ಮಾಡಬಹುದು ಎಂಬ ಗೆರೆ ನನಗೆ ಬಾಯಿಪಾಠವಾಗಿತ್ತು. ನಾನು ಪ್ರಾರ್ಥನೆ ನಡೆಸಬಹುದು, ವಾಚನ ಓದಬಹುದು, ಫಾದರ್ ಮೊದಲೇ ಪವಿತ್ರ ಮಾಡಿಟ್ಟ ಪರಮಪ್ರಸಾದವನ್ನು ಹಂಚಬಹುದು. ಪೂಜೆ ಅರ್ಪಿಸುವ ಹಾಗಿಲ್ಲ, ಪಾಪನಿವೇದನೆ ಕೇಳುವ ಹಾಗಿಲ್ಲ. ನನ್ನ ಭಾನುವಾರದ ಪ್ರಾರ್ಥನೆಯನ್ನು ಅತ್ತೆ ಉಪ್ಪಿಲ್ಲದ ಸಾರು ಎನ್ನುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು, ಆದರೆ ಅವಳ ಮಾತು ತಪ್ಪಲ್ಲವೆಂದು ಗೊತ್ತಿದ್ದರಿಂದ ಸುಮ್ಮನಿರುತ್ತಿದ್ದೆ.

ನಾನು ಚಿಕ್ಕವನಿದ್ದಾಗ ಔರಾದಿನಲ್ಲೇ ಒಬ್ಬ ಫಾದರ್ ಇರುತ್ತಿದ್ದರು. ಭಾಲ್ಕಿಯಲ್ಲಿ ಇಬ್ಬರು, ಬೀದರದಲ್ಲಿ ಮೂವರು. ಮಂಗಳೂರ ಕಡೆಯಿಂದ, ಕೇರಳದಿಂದ ಬಂದವರು. ಬಂದ ಹೊಸತರಲ್ಲಿ ನಮ್ಮ ಜೋಳದ ರೊಟ್ಟಿಯನ್ನು ಹೇಗೆ ಮುರಿಯಬೇಕೆಂದು ತಿಳಿಯದೆ ಪಿಳಿಪಿಳಿ ನೋಡುತ್ತಿದ್ದರು. ವರ್ಷ ತುಂಬುವುದರೊಳಗೆ ಹಸಿ ಮೆಣಸಿನಕಾಯಿ ಕಚ್ಚಿಕೊಂಡು ನಾಲ್ಕು ರೊಟ್ಟಿ ಇಳಿಸುತ್ತಿದ್ದರು. ಅವರ ಮನೆಗಳಲ್ಲಿ ಎಂಟೆಂಟು ಮಕ್ಕಳು. ಒಬ್ಬನನ್ನು ದೇವರ ಕೆಲಸಕ್ಕೆ ಬಿಟ್ಟರೆ ಮನೆ ಬರಿದಾಗುತ್ತಿರಲಿಲ್ಲ. ಈಗ ಅಲ್ಲಿಯೂ ಒಂದು, ಹೆಚ್ಚೆಂದರೆ ಎರಡು. ಇರುವ ಒಬ್ಬನನ್ನು ಯಾವ ತಾಯಿ ಬೀದರ ಜಿಲ್ಲೆಯ ಬಿಸಿಲಿಗೆ ಕಳಿಸುತ್ತಾಳೆ? ಮುದುಕರಾದ ಫಾದರುಗಳು ಒಬ್ಬೊಬ್ಬರಾಗಿ ತೀರಿಕೊಂಡರು, ಕೆಲವರು ವಿಶ್ರಾಂತಿಗೆಂದು ಊರಿಗೆ ಹೋದರು. ಅವರ ಕೋಣೆಗಳಿಗೆ ಬೀಗ ಬಿತ್ತು. ಔರಾದಿನ ಫಾದರ್ ಹೋದ ಮೇಲೆ ಅವರಿದ್ದ ಮನೆಯಲ್ಲಿ ಈಗ ಚರ್ಚಿನ ಚಾಪೆ, ಬಕೆಟ್ಟು, ಕ್ರಿಸ್ಮಸ್ ಗೋದಲಿಯ ಬೊಂಬೆಗಳು ಇರುತ್ತವೆ.

ಉಳಿದದ್ದು ಭಾಲ್ಕಿಯಲ್ಲಿ ಒಬ್ಬರು, ಬೀದರದಲ್ಲಿ ಒಬ್ಬ ವಯಸ್ಸಾದವರು. ಭಾಲ್ಕಿಯ ಫಾದರಿಗೆ ಭಾಲ್ಕಿ, ಕಮಲನಗರ, ಔರಾದ, ನಡುವಿನ ಹಳ್ಳಿಗಳು ಎಲ್ಲ. ನಮ್ಮ ಪಾಲಿಗೆ ತಿಂಗಳ ಎರಡನೆಯ ಭಾನುವಾರ ಬಂತು. ನಾವೂ ಅದಕ್ಕೆ ಹೊಂದಿಕೊಂಡೆವು. ಕೂಸು ಯಾವಾಗ ಹುಟ್ಟಿದರೂ ಜ್ಞಾನಸ್ನಾನ ಎರಡನೆಯ ಭಾನುವಾರ. ಈಸ್ಟರಿನ ಮುಂಚಿನ ಉಪವಾಸ ಶುರುವಾಗುವ ಬುಧವಾರ ಹಚ್ಚಬೇಕಾದ ವಿಭೂತಿ ನಮಗೆ ಶುಕ್ರವಾರ. ಕ್ರಿಸ್ಮಸ್ ಪೂಜೆಯಂತೂ ಇಪ್ಪತ್ನಾಲ್ಕರ ಮಧ್ಯಾಹ್ನ ಮೂರಕ್ಕೆ, ಯಾಕೆಂದರೆ ರಾತ್ರಿಯ ಹೊತ್ತು ಫಾದರ್ ಭಾಲ್ಕಿಯಲ್ಲಿರಬೇಕು.

"ನಮ್ಮೂರಾಗ ಯೇಸುಸ್ವಾಮಿ ಊಟ ಆದ ಮ್ಯಾಲ ಹುಟ್ತಾನ" ಎಂದು ಅತ್ತೆ ನಗುತ್ತಿದ್ದಳು.

ಇಷ್ಟೆಲ್ಲ ದೂರುವ ನಾನು ಏನು ಮಾಡಿದೆ ಎಂಬುದನ್ನೂ ಹೇಳಿಬಿಡಬೇಕು. ನನ್ನ ಮಗ ಹತ್ತನೆಯ ತರಗತಿ ಮುಗಿಸಿದಾಗ ಆಗಿನ ಫಾದರ್ ನಮ್ಮ ಮನೆಗೆ ಬಂದು, ಚಹಾ ಕುಡಿದು, ಹುಡುಗನಿಗೆ ಭಕ್ತಿಯಿದೆ, ಫಾದರ್ ಆಗಲು ಗುರುಮಠಕ್ಕೆ ಕಳಿಸುತ್ತೀರಾ ಎಂದು ಕೇಳಿದರು. "ಒಬ್ಬನೇ ಮಗ ಅದಾನ ಫಾದರ್, ಹ್ಯಾಂಗ ಕಳಸ್ಲಿ?" ಎಂದೆ. ಅವರು ಮತ್ತೆ ಕೇಳಲಿಲ್ಲ. ಮಗ ಈಗ ಬೀದರದ ಚಿದ್ರಿಯಲ್ಲಿ ಔಷಧಿ ಅಂಗಡಿ ನಡೆಸುತ್ತಾನೆ, ಸುಖವಾಗಿದ್ದಾನೆ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವ ಜಾತಿ ನಮ್ಮದು. ನಮ್ಮ ಮೂವತ್ತು ಮನೆಗಳಿಂದ ಇಷ್ಟು ವರ್ಷದಲ್ಲಿ ಒಬ್ಬನೂ ಫಾದರ್ ಆಗಲಿಲ್ಲ.

ಈಗ ನಾನು ಹೇಳಹೊರಟದ್ದು ಮೂರು ವರ್ಷದ ಹಿಂದಿನ ಮಾತು. ಆಗ ಭಾಲ್ಕಿಯಲ್ಲಿದ್ದ ಫಾದರ್ ಮೂವತ್ತೈದರ ಆಸುಪಾಸಿನವರು, ಕರಾವಳಿಯವರು. ಮೋಟಾರ್ ಸೈಕಲ್ ಮೇಲೆ ಬರುತ್ತಿದ್ದರು. ಬೆನ್ನಿಗೆ ಪೂಜೆಯ ಸಾಮಾನಿನ ಚೀಲ, ಮುಖದ ತುಂಬ ಧೂಳು. ಸೋಯಾ ರಾಶಿಯ ಕಾಲದಲ್ಲಿ ಬಂದರೆ ಹುಬ್ಬಿನ ಮೇಲೆಲ್ಲ ಹೊಟ್ಟು ಕೂತಿರುತ್ತಿತ್ತು. ಇದು ನಡೆಯುವ ಹಿಂದಿನ ತಿಂಗಳು ಜ್ವರದಲ್ಲೇ ಬಂದು, ಪ್ರವಚನದ ನಡುವೆ ಪೀಠ ಹಿಡಿದು ನಿಂತಿದ್ದರು.

ಎರಡನೆಯ ಭಾನುವಾರದ ಹಿಂದಿನ ದಿನ, ಶನಿವಾರ ಮುಂಜಾನೆ, ಅತ್ತೆ ಅಂಗಳದಲ್ಲಿ ಬಿಸಿಲಿಗೆ ಕೂತು ಕುಸುಬಿ ಹಸನು ಮಾಡುತ್ತಿದ್ದಳು. ನನ್ನನ್ನು ಕರೆದಳು. ನನ್ನ ಮೇಲೆ ಪ್ರೀತಿ ಬಂದಾಗ ತಮ್ಮಾ ಎನ್ನುವಳು, ಉಳಿದಂತೆ ಮಾಸ್ತರ.

"ಮಾಸ್ತರ, ನಾಳಿಗಿ ಫಾದರ್ ಬರ್ತಾರಲ್ಲ? ಈ ಸಲ ನನ್ನ ಪಾಳಿ ಬಂದಾಗ ಪಂಕ್ಚರ್ ಅಂಗಡಿ ಸಾಕಾಗಲ್ಲ. ಮಂದೀಗಿ ಬಸ್‌ಸ್ಟ್ಯಾಂಡ್ ತನಕ ಕಳಸು."

"ಯಾಕ, ಯಾರ ಮನಿ ಲೂಟಿ ಮಾಡಿದಿ?" ಎಂದು ಅವಳ ಕಿವಿಯಲ್ಲಿ ಕೂಗಿದೆ.

ಅವಳು ನಗಲಿಲ್ಲ. ಮೊರದ ಮೇಲಿಂದ ಕಣ್ಣು ಎತ್ತದೆ ಹೇಳಿದಳು: "ಭಾಳ ದಿನದ್ದು ಒಂದು ಉಳದದ. ಯಾರಿಗೂ ಹೇಳಿಲ್ಲ, ಯಾವ ಫಾದರಿಗೂ ಹೇಳಿಲ್ಲ. ಅದನ್ನ ಇಟ್ಕೊಂಡು ಹೋಗೂದು ಬ್ಯಾಡ ನಂಗ."

ಆಯಿತು, ಎಲ್ಲರನ್ನೂ ಬಸ್‌ಸ್ಟ್ಯಾಂಡಿಗೇ ಕಳಿಸುತ್ತೇನೆ ಎಂದು ಸನ್ನೆ ಮಾಡಿದೆ. ಅವಳು ತಲೆಯಾಡಿಸಿ ಮತ್ತೆ ಕುಸುಬಿಯಲ್ಲಿ ಕೈಯಾಡಿಸತೊಡಗಿದಳು.

ಅದೇ ದಿನ ಮಧ್ಯಾಹ್ನ ಫಾದರ್ ಫೋನು ಮಾಡಿದರು. "ಸರ್, ನಾಳೆ ಕಮಲನಗರದಲ್ಲಿ ಒಂದು ಮದುವೆ ಬಂದಿದೆ. ಹುಡುಗ ಮಿಲಿಟರಿಯವನು, ರಜೆ ಮುಗೀತದಂತೆ. ಬೆಳಿಗ್ಗೆ ಭಾಲ್ಕಿಯ ಪೂಜೆ, ಆಮೇಲೆ ಮದುವೆ, ಸಂಜೆ ಬೀದರಕ್ಕೆ ಹೋಗ್ಬೇಕು, ಅಲ್ಲಿನ ಫಾದರಿಗೆ ಹುಷಾರಿಲ್ಲ. ಔರಾದಿಗೆ ಮುಂದಿನ ಭಾನುವಾರ ಬಂದರೆ ಆಗ್ತದಾ? ಅಲ್ಲಿ ಯಾರಾದರೂ ಸೀರಿಯಸ್ ಇದ್ದಾರಾ?"

"ಇಲ್ಲ ಫಾದರ್, ಎಲ್ಲಾರೂ ಆರಾಮ ಅದಾರ. ನೀವು ಭಾಳ ದಣದೀರಿ. ಮುಂದಿನ ವಾರನೇ ಬರ್ರಿ" ಎಂದೆ.

"ದೊಡ್ಡ ಉಪಕಾರ ಆಯ್ತು ಸರ್. ನಿಮ್ಮ ಹಾಗೆ ಅರ್ಥ ಮಾಡಿಕೊಳ್ಳುವವರು ಇಲ್ಲ" ಎಂದರು. ಆ ಮಾತಿಗೆ ನಾನು ಉಬ್ಬಿಹೋದೆ, ಸುಳ್ಳು ಯಾಕೆ ಹೇಳಲಿ. ಕಮಲನಗರದವರು ಮದುವೆಗೆ ಹಟ ಹಿಡಿಯುತ್ತಾರೆ, ಭಾಲ್ಕಿಯವರು ಜಗಳ ತೆಗೆಯುತ್ತಾರೆ, ಔರಾದಿನ ಮಾಸ್ತರ ಮಾತ್ರ ಒಳ್ಳೆಯವನು ಎಂದು ಫಾದರ್ ತಿಳಿಯಲಿ ಎಂಬ ಆಸೆ ನನಗಿತ್ತು. ಅತ್ತೆಯ ಮಾತು ನೆನಪಿರಲಿಲ್ಲವೇ? ಚೆನ್ನಾಗಿ ನೆನಪಿತ್ತು. ಒಂದು ವಾರಕ್ಕೆ ಏನಾಗುತ್ತದೆ ಎಂದುಕೊಂಡೆ. ಬೇರೆಯವರ ಪಾಳಿಯನ್ನು ದಾನ ಮಾಡಿ ನಾನು ಪುಣ್ಯ ಕಟ್ಟಿಕೊಂಡೆ.

ಭಾನುವಾರ ಅತ್ತೆ ಬಿಳಿ ಸೀರೆ ಉಟ್ಟು, ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಚರ್ಚಿಗೆ ಬಂದಳು. ಪೀಠದ ಹಿಂದೆ ನಾನು ನಿಂತದ್ದನ್ನು ಕಂಡು, ಬಾಗಿಲ ಕಡೆ ನೋಡಿದಳು. ಕೈಸನ್ನೆಯಲ್ಲಿ ಮುಂದಿನ ವಾರ ಎಂದು ತೋರಿಸಿದೆ. ಪ್ರಾರ್ಥನೆ ಮುಗಿಯುವತನಕ ಕೂತಳು, ಪ್ರಸಾದಕ್ಕೆ ಮಾತ್ರ ಏಳಲಿಲ್ಲ. ಮನೆಗೆ ಬಂದು ಫೋನಿನ ವಿಷಯ ಕಿವಿಯಲ್ಲಿ ಹೇಳಿದಾಗ, "ನನಗ ಕೇಳಿ ಹೇಳಬೇಕಾಗಿತ್ತು ನೀ" ಎಂದಳು. ನಾನು ರೇಗಿದೆ. ಫಾದರಿಗೂ ಜೀವ ಅದ, ಅವರೇನು ಯಂತ್ರ ಏನು ಎಂದು ಕೂಗಿದೆ. ಅವಳಿಗೆ ಎಷ್ಟು ಕೇಳಿಸಿತೋ ತಿಳಿಯದು, ರೊಟ್ಟಿ ಬಡಿಯಲು ಎದ್ದು ಹೋದಳು.

ಬುಧವಾರ ಬೆಳಿಗ್ಗೆ ಅವಳು ಹಾಸಿಗೆಯಿಂದ ಏಳಲಿಲ್ಲ. ಹೆಂಡತಿ ಮಗಳ ಬಾಣಂತನಕ್ಕೆಂದು ಭಾಲ್ಕಿಗೆ ಹೋಗಿದ್ದಳು. ಬಾಜೂ ಮನೆಯ ಆಪಾ ಹಾಲು ಕೊಡಲು ಬಂದವಳು ನೋಡಿ ನನ್ನನ್ನು ಕೂಗಿದಳು. ಆಪಾ ಎಂದರೆ ಟೇಲರನ ಹೆಂಡತಿ, ಅತ್ತೆ ಶಪಿಸಿದ ಆಡಿನ ಒಡತಿ. ಇಬ್ಬರದೂ ದಿನಾ ಜಗಳ, ದಿನಾ ಚಹಾ. ಡಾಕ್ಟರು ಬಂದು ನೋಡಿ, ಹೃದಯ ಸೋತಿದೆ, ಬೀದರಕ್ಕೆ ಒಯ್ಯಿರಿ ಎಂದರು. ಅದನ್ನು ಅತ್ತೆಯ ಕಿವಿಯಲ್ಲಿ ಕೂಗಿದೆ.

"ಮೊದಲ ಫಾದರ್, ಆಮ್ಯಾಲ ಬೀದರ" ಎಂದಳು ಅತ್ತೆ.

ಫಾದರಿಗೆ ಫೋನು ಮಾಡಿದೆ. ತೆಗೆಯಲಿಲ್ಲ. ಭಾಲ್ಕಿಯ ಸಿಸ್ಟರುಗಳಿಗೆ ಮಾಡಿದೆ. ಫಾದರ್ ದೂರದ ಹಳ್ಳಿಯೊಂದಕ್ಕೆ ಮಣ್ಣಿಗೆ ಹೋಗಿದ್ದಾರೆ, ಪೂಜೆ ಮುಗಿಯುವವರೆಗೆ ಫೋನು ತೆಗೆಯುವುದಿಲ್ಲ ಎಂದರು. ಬೀದರಕ್ಕೆ ಮಾಡಿದೆ. ಅಲ್ಲಿನ ಮುದಿ ಫಾದರ್ ಆಸ್ಪತ್ರೆಯಲ್ಲಿದ್ದರು. ಹತ್ತರಿಂದ ಹನ್ನೆರಡರವರೆಗೆ ನಾನು ಅಂಗಳದಲ್ಲಿ ಫೋನು ಹಿಡಿದುಕೊಂಡು ತಿರುಗಿದೆ. ಮೂರು ಊರುಗಳಲ್ಲಿ ಮೂರು ಚರ್ಚುಗಳಿದ್ದವು, ಆ ಹೊತ್ತಿಗೆ ಬರಬಲ್ಲ ಒಬ್ಬ ಫಾದರ್ ಇರಲಿಲ್ಲ.

ಹನ್ನೆರಡೂವರೆಗೆ ಅತ್ತೆ ಕಣ್ಣು ತೆರೆದಳು. ಮುಖ ತಿಳಿಯಾಗಿತ್ತು. ಆಪಾ ಅವಳ ಕಾಲು ತಿಕ್ಕುತ್ತಿದ್ದಳು.

"ಫಾದರ್ ಬಂದ್ರಾ?"

ಇಲ್ಲ ಎಂದು ತಲೆಯಾಡಿಸಿದೆ. ಅವಳು ಸ್ವಲ್ಪ ಹೊತ್ತು ತೊಲೆ ನೋಡಿದಳು. ಆಮೇಲೆ ನನ್ನ ಮಣಿಕಟ್ಟು ಹಿಡಿದುಕೊಂಡಳು. ರೊಟ್ಟಿ ಬಡಿದ ಕೈ, ಆಗಲೂ ಹಿಡಿತ ಗಟ್ಟಿ.

"ಹಂಗಂದ್ರ ನೀನೇ ಕೇಳು ತಮ್ಮಾ. ಬಾಗಲಾ ಮುಚ್ಚು. ನಿಮ್ಮಪ್ಪಂದು ಅದ."

ಅವಳ ದನಿ ಅಂದು ಸಣ್ಣದಾಗಿತ್ತು. ಜೀವಮಾನದಲ್ಲಿ ಮೊದಲ ಸಲ ಅವಳು ಮೆಲ್ಲಗೆ ಮಾತಾಡಿದ್ದಳು. ನಾನು ಬಗ್ಗಿ ಅವಳ ಕಿವಿಯ ಹತ್ತಿರ ಬಾಯಿಟ್ಟು ಕೂಗಿದೆ: "ನಾ ಕೇಳಬಾರದು ಅತ್ತಿ! ಪಾಪನಿವೇದನಿ ಫಾದರೇ ಕೇಳಬೇಕು! ನನಗ ಅಧಿಕಾರ ಇಲ್ಲ!"

ಓಣಿಯೆಲ್ಲ ಕೇಳಿರಬೇಕು. ಸಾಯುತ್ತಿರುವವಳ ಕಿವಿಯಲ್ಲಿ ನಾನು ಶಾಲೆಯ ಹುಡುಗರಿಗೆ ಗದರಿಸುವ ದನಿಯಲ್ಲಿ ನಿಯಮ ಕೂಗಿದೆ.

ಆಪಾ ಎದ್ದು ನಿಂತಳು. "ಭಾಯಿ, ಜರಾ ಕೇಳ್ರಿ ಅವರದು. ನಾ ಹೊರಗ ಹೋಗ್ತೇನಿ."

"ನಮ್ಮಲ್ಲಿ ಹಂಗ ನಡೆಯಲ್ಲ. ನಿಮಗ ತಿಳಿಯಲ್ಲ" ಎಂದೆ. ಅವಳು ಮತ್ತೆ ಕೂತು ಕಾಲು ತಿಕ್ಕತೊಡಗಿದಳು.

ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದಳು. ಇನ್ನೊಂದು ಸಲ ಕೇಳುವಳೇನೋ ಎಂದು ನಾನು ಕಾದೆ. ಇನ್ನೊಂದು ಸಲ ಕೇಳಿದ್ದರೆ ಒಪ್ಪುತ್ತಿದ್ದೆನೋ ಏನೋ. ಅವಳು ನನ್ನ ಮಣಿಕಟ್ಟು ಬಿಟ್ಟಳು.

"ಆಯ್ತು ಬಿಡಪ್ಪ" ಎಂದಳು.

ಎರಡು ಗಂಟೆಯ ಹೊತ್ತಿಗೆ ಅವಳ ಬಾಯಿ ಒಂದು ಕಡೆ ವಾಲಿತು. ತುಟಿ ಅಲುಗುತ್ತಿತ್ತು, ಮಾತು ಹೊರಡಲಿಲ್ಲ. ಎರಡೂಕಾಲಿಗೆ ಫಾದರ್ ತಾವಾಗಿಯೇ ಫೋನು ಮಾಡಿದರು. ನನ್ನ ಹನ್ನೊಂದು ಕರೆಗಳನ್ನು ಆಗ ನೋಡಿದ್ದರು. ಊಟಕ್ಕೂ ಕೂರದೆ ಹೊರಟು, ನಾಲ್ಕಕ್ಕೆ ಬಂದರು. ಮುಖದ ಧೂಳು ಒರೆಸಿಕೊಳ್ಳದೆಯೇ ಹೆಗಲಿಗೆ ಪಟ್ಟಿ ಹಾಕಿಕೊಂಡು ಅತ್ತೆಯ ಪಕ್ಕದಲ್ಲಿ ಮೊಣಕಾಲೂರಿದರು. ನಮ್ಮನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ನಾನು ಕಿಟಕಿಯಿಂದ ನೋಡಿದೆ, ನೋಡಬಾರದಿತ್ತು. ಅವರು ಅವಳ ಬಾಯಿಯ ಹತ್ತಿರ ಕಿವಿಯಿಟ್ಟು ಬಹಳ ಹೊತ್ತು ಬಗ್ಗಿಯೇ ಇದ್ದರು. ತುಟಿ ಅಲುಗುತ್ತಿತ್ತು. ಆಮೇಲೆ ಅವರು ನೆಟ್ಟಗಾಗಿ ಕೈಯೆತ್ತಿ ಪಾಪಕ್ಷಮೆಯ ಮಾತು ಹೇಳಿದರು, ಹಣೆಗೆ ಅಂಗೈಗೆ ಪವಿತ್ರ ತೈಲ ಹಚ್ಚಿದರು. ಸಂಜೆ ಹೊತ್ತು ಮುಳುಗುವ ಮೊದಲೇ ಅತ್ತೆ ಹೋದಳು.

ಶಾಸ್ತ್ರಪ್ರಕಾರ ಅವಳಿಗೆ ಯಾವುದೂ ಕಡಿಮೆಯಾಗಲಿಲ್ಲ. ಪಾಪಕ್ಷಮೆ ಸಿಕ್ಕಿತು, ತೈಲ ಸಿಕ್ಕಿತು, ಮರುದಿನ ಮಣ್ಣಿನ ಪೂಜೆಯೂ ಸಿಕ್ಕಿತು. ಬಂದವರೆಲ್ಲ ಪುಣ್ಯವಂತೆ ಎಂದರು. ಫಾದರ್ ಇಲ್ಲದೆ ನಮ್ಮ ಕೈಯಿಂದಲೇ ಮಣ್ಣಾದವರು ಆ ವರ್ಷ ಇನ್ನಿಬ್ಬರಿದ್ದರಲ್ಲ, ಅವರ ಲೆಕ್ಕದಲ್ಲಿ ಇವಳು ಪುಣ್ಯವಂತೆಯೇ.

ಅಂದು ಸಂಜೆ ಫಾದರ್ ನಮ್ಮ ಅಂಗಳದ ನಳದಲ್ಲಿ ಮುಖ ತೊಳೆದುಕೊಂಡು, ಆಪಾ ಮಾಡಿ ತಂದ ಚಹಾ ಹಿಡಿದು ಕಟ್ಟೆಯ ಮೇಲೆ ಕೂತರು. "ಕೊನೆಗೆ ಏನಾದರೂ ಹೇಳಿದರಾ ಸರ್?" ಎಂದು ಕೇಳಿದರು.

"ಹೇಳಬೇಕಂದ್ಲು ಫಾದರ್. ನೀನೇ ಕೇಳು ಅಂದ್ಲು. ನಾ ಕೇಳಬಾರದು ಅಂತ ಹೇಳಿದೆ" ಎಂದೆ. ಆಗಲೂ ನನ್ನ ಮನಸ್ಸಿನ ಮೂಲೆಯಲ್ಲಿ, ಸರಿಯಾಗಿ ಮಾಡಿದಿರಿ ಎಂದು ಅವರು ಅನ್ನುತ್ತಾರೆ ಎಂಬ ಆಸೆಯಿತ್ತು.

ಅವರು ಚಹಾ ಕೆಳಗಿಟ್ಟರು. "ಕ್ಷಮಿಸಲಿಕ್ಕೆ ನಾನು ಬೇಕಿತ್ತು ಸರ್" ಎಂದರು. "ಕೇಳಲಿಕ್ಕೆ ನಾನೇ ಯಾಕೆ ಬೇಕಿತ್ತು? ನೀವು ಅಳಿಯ ಅಲ್ವಾ ಅವರಿಗೆ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು, ನಾನೂ ತಿರುಗಿ ಏನಾದರೂ ಅನ್ನುತ್ತಿದ್ದೆ. ಆಮೇಲೆ ಅವರೇ, "ಭಾನುವಾರ ನಾನು ಬರಬೇಕಿತ್ತು" ಎಂದು ಮೆಲ್ಲಗೆ ಹೇಳಿ ಕಣ್ಣೊರೆಸಿಕೊಂಡರು. ಶನಿವಾರವೇ ಅತ್ತೆ ನನಗೆ ಹೇಳಿದ್ದಳು, ಹೇಳಿದ ಮೇಲೂ ನಾನು ನಿಮ್ಮನ್ನು ಬೇಡವೆಂದೆ ಎಂಬುದನ್ನು ಆಗ ಅವರಿಗೆ ತಿಳಿಸಬೇಕಿತ್ತು. ತಿಳಿಸಲಿಲ್ಲ. ತಪ್ಪೆಲ್ಲ ತಮ್ಮದೇ ಎಂದುಕೊಂಡು ಅವರು ಭಾಲ್ಕಿಗೆ ಹೋದರು.

ಅತ್ತೆ ಹೋದ ಮೇಲೆ ಮನೆಯಲ್ಲಿ ಕೂತು ಬಹಳ ಯೋಚಿಸಿದ್ದೇನೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನಾನು ಪೂಜಾರಿಯೂ ಅಲ್ಲ, ಪೂಜಾರಿಯ ಕೀಲಿ ಕಾಯುವವನು, ನಾನೇ ಕೊಡಲಿಲ್ಲ. ಆದರೆ ನಿಯಮಕ್ಕೆ ಹೆದರಿ ಕೊಡಲಿಲ್ಲ ಎಂದರೆ ಅದೂ ಪೂರ್ತಿ ನಿಜವಲ್ಲ. ನಾನು ಹೆದರಿದ್ದು ಅವಳ ಒಂದು ಮಾತಿಗೆ. ನಿಮ್ಮಪ್ಪಂದು ಅದ ಎಂದಳಲ್ಲ, ಅದಕ್ಕೆ. ಅಪ್ಪನ ಬಗ್ಗೆ ನನಗೆ ಗೊತ್ತಿರುವುದಿಷ್ಟೇ: ಸೈಕಲ್ಲು, ಬಿಳಿ ಅಂಗಿ, ಊರವರ ಮರ್ಯಾದೆ. ಅದರಲ್ಲಿ ಒಂದು ಕೂದಲೆಳೆಯೂ ಸರಿಯುವುದು ನನಗೆ ಬೇಡವಾಗಿತ್ತು. ಅವನು ಮಾಡಿದ ತಪ್ಪನ್ನು ಅವಳು ಮುಚ್ಚಿಟ್ಟಿದ್ದಳೋ, ಅವಳೇ ಅವನಿಗೆ ಏನಾದರೂ ಮಾಡಿದ್ದಳೋ, ಬರೀ ಒಂದು ಸಣ್ಣ ಸುಳ್ಳನ್ನು ಅರವತ್ತು ವರ್ಷ ಹೊತ್ತು ದೊಡ್ಡದು ಮಾಡಿಕೊಂಡಿದ್ದಳೋ, ಯಾವುದೂ ನನಗೆ ತಿಳಿಯದು. ಈಗ ಹೇಳುವವರೂ ಯಾರಿಲ್ಲ. ಅಪ್ಪನ ಫೋಟೋ ನೋಡಿದಾಗಲೆಲ್ಲ ಇವನು ಯಾರು ಎಂದು ಕೇಳಿಕೊಳ್ಳುವಂತಾಗಿದೆ.

ಮರುವರ್ಷ ಆ ಫಾದರಿಗೆ ವರ್ಗವಾಯಿತು. ಅವರ ಜಾಗಕ್ಕೆ ಬೇರೆಯವರು ಬರುತ್ತಾರೆ ಎಂದರು, ಬರಲಿಲ್ಲ. ಭಾಲ್ಕಿಯನ್ನೂ ಔರಾದನ್ನೂ ಬೀದರಕ್ಕೆ ಸೇರಿಸಿದರು. ಬೀದರಕ್ಕೆ ಹೊಸದಾಗಿ ಬಂದವರೊಬ್ಬರು ಈಗ ಎಲ್ಲವನ್ನೂ ನೋಡಿಕೊಳ್ಳುತ್ತಾರೆ. ನಮಗೆ ಎರಡು ತಿಂಗಳಿಗೊಂದು ಪೂಜೆ. ಅದಕ್ಕೂ ಅವರು ಬಂದು, ಅರ್ಪಿಸಿ, ಹೆಲ್ಮೆಟ್ಟು ಕೈಯಲ್ಲಿ ಹಿಡಿದೇ ಮಾತಾಡಿಸಿ ಹೊರಡುತ್ತಾರೆ. ಪಾಪನಿವೇದನೆಗೆ ಸಮಯ ಇರುವುದಿಲ್ಲ. ನಮ್ಮವರು ಕೆಲವರು ಪೆಂತೆಕೋಸ್ತರ ಪ್ರಾರ್ಥನೆಗೆ ಹೋಗತೊಡಗಿದ್ದಾರೆ. ಅಲ್ಲಿ ಪಾಸ್ಟರ್ ಊರಲ್ಲೇ ಇರುತ್ತಾನೆ, ಕರೆದರೆ ಬರುತ್ತಾನೆ. ಮೊದಲಾಗಿದ್ದರೆ ಅವರ ಮನೆ ಬಾಗಿಲಿಗೆ ಹೋಗಿ ಜಗಳ ಮಾಡುತ್ತಿದ್ದೆ. ಈಗ ಯಾವ ಮುಖ ಇಟ್ಟುಕೊಂಡು ಮಾಡಲಿ?

ಈ ವರ್ಷ ಪಾಸ್ಖ, ಅಂದರೆ ಈಸ್ಟರ್ ಹಬ್ಬದ ಮುಂಚಿನ ವಾರ, ಎಲ್ಲ ಊರಿನವರೂ ಪಾಪನಿವೇದನೆಗೆ ಬೀದರಕ್ಕೇ ಬರಬೇಕೆಂದು ತಿಳಿಸಿದರು. ಮೂರು ವರ್ಷದಿಂದ ನುಂಗಿಕೊಂಡದ್ದನ್ನು ಈ ಸಲ ಹೇಳಿಯೇ ಬಿಡುವುದೆಂದು ಬೆಳಿಗ್ಗೆ ಎಂಟರ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಮೊದಲು ಶನಿವಾರದ ಫೋನು, ಆಮೇಲೆ ಬುಧವಾರ, ಆಮೇಲೆ ಅಂಗಳದಲ್ಲಿ ಫಾದರಿಗೆ ಹೇಳದೆ ಉಳಿದದ್ದು.

ಚರ್ಚಿನಲ್ಲಿ ಸಾಲು ಬಾಗಿಲು ದಾಟಿ ಗೇಟಿನವರೆಗೆ ಹೋಗಿತ್ತು. ಭಾಲ್ಕಿಯವರು ಟೆಂಪೋ ಮಾಡಿಕೊಂಡು ಬಂದಿದ್ದರು. ಫಾದರ್ ಒಬ್ಬರೇ. ಏಳರಿಂದ ಕೂತಿದ್ದಾರೆ, ನೀರೂ ಕುಡಿದಿಲ್ಲ ಎಂದು ಯಾರೋ ಹೇಳಿದರು. ನನ್ನ ಹಿಂದೆ ಭಾಲ್ಕಿಯ ಒಬ್ಬ ಮುದುಕಿ ನಿಲ್ಲಲಾರದೆ ನೆಲಕ್ಕೆ ಕೂತು, ಸಾಲು ಸರಿದಾಗ ಕುಂಡಿಯ ಮೇಲೆಯೇ ಸರಿಯುತ್ತಿದ್ದಳು. "ನಂದು ಎರಡೇ ಮಾತು ಅದಾವ್ರಿ" ಎಂದು ಕಂಡವರಿಗೆಲ್ಲ ಹೇಳುತ್ತಿದ್ದಳು. ಮೂರು ಗಂಟೆಗೆ ನನ್ನ ಪಾಳಿ ಬಂತು.

ಗೂಡಿನೊಳಗೆ ಮೊಣಕಾಲೂರಿದೆ. ಜಾಲರಿಯ ಆಚೆ ಫಾದರ್ ಹಣೆಗೆ ಕೈ ಹಚ್ಚಿಕೊಂಡು ಕೂತಿದ್ದರು. ಮಾತಾಡಿ ಮಾತಾಡಿ ಗಂಟಲು ಕೂತುಹೋಗಿತ್ತು. ರೂಢಿಯಂತೆ ಮೊದಲು ಸಣ್ಣವುಗಳಿಂದ ಶುರುಮಾಡಿದೆ. ಸಿಟ್ಟು ಮಾಡಿದ್ದೇನೆ, ಪ್ರಾರ್ಥನೆ ತಪ್ಪಿಸಿದ್ದೇನೆ, ಮಂದಿಯ ಬಗ್ಗೆ ಹಗುರಾಗಿ ಮಾತಾಡಿದ್ದೇನೆ. ಹೊರಗೆ ಆ ಮುದುಕಿ ಕೆಮ್ಮಿದಳು.

"ಬೇಗ ಹೇಳಿ, ಹೊರಗೆ ತುಂಬಾ ಜನ ಇದ್ದಾರೆ" ಎಂದರು ಫಾದರ್. "ಬೇರೆ ಏನಾದರೂ ಇದೆಯಾ?"

ಇದಕ್ಕೆ ಒಂದು ಗಂಟೆ ಬೇಕಿತ್ತು. ಅತ್ತೆ ಯಾರು, ಅಪ್ಪ ಯಾರು, ಶನಿವಾರ ಯಾಕೆ ಹಾಗೆ ಹೇಳಿದೆ, ಎಲ್ಲ ಮೊದಲಿನಿಂದ ಹೇಳಬೇಕಿತ್ತು. ಅವರು ನನ್ನನ್ನು ಗುರುತಿಸಿಯೂ ಇರಲಿಲ್ಲ.

"ಇಲ್ಲ ಫಾದರ್, ಅಷ್ಟೇ" ಎಂದೆ.

ಅವರು ಪ್ರಾಯಶ್ಚಿತ್ತಕ್ಕೆ ಮೂರು ಸಲ ಪರಲೋಕ ಮಂತ್ರ ಜಪಿಸಲು ಹೇಳಿ, ಕೈಯೆತ್ತಿ ಕ್ಷಮೆ ಕೊಟ್ಟರು. ನಾನು ಎದ್ದು ಹೊರಗೆ ಬಂದು, ಮುದುಕಿಯ ರಟ್ಟೆ ಹಿಡಿದು ಎಬ್ಬಿಸಿ, ಗೂಡಿನವರೆಗೆ ನಡೆಸಿಕೊಂಡು ಹೋಗಿ ಬಿಟ್ಟೆ.